ಮೂರನೇ ಸ್ಥಾನದ ಫ್ಲೆಕ್ಸ್

ಹೊಸಹಳ್ಳಿಗೆ ಇನ್ನೂ ಮೆಟ್ರೋ ಬಂದಿರಲಿಲ್ಲ. ನಮ್ಮ ರಸ್ತೆಯ ತಿರುವಿನ ಲೈಟು ಕಂಬಕ್ಕೆ ಆಗೆಲ್ಲ ಒಂದಲ್ಲ ಒಂದು ಫ್ಲೆಕ್ಸ್ ಕಟ್ಟಿಯೇ ಇರುತ್ತಿತ್ತು. ಅದರಲ್ಲಿ ಯಾರದಾದರೂ ಮುಖ ಬಂತೆಂದರೆ ಆ ಮನುಷ್ಯ ಏನೋ ಸಾಧಿಸಿದ್ದಾನೆ, ಇಲ್ಲವೇ ತೀರಿಕೊಂಡಿದ್ದಾನೆ ಎಂದು ಅರ್ಥ. ನನ್ನ ಮುಖ ಬಂದಾಗ ನಾನು ಒಂದನೇ ಕ್ಲಾಸು.

ಶಾಲೆಯ ನಿಂಬೆಹಣ್ಣು-ಚಮಚದ ಓಟದಲ್ಲಿ ನಾನು ಮೂರನೆಯವಳಾಗಿದ್ದೆ. ಮುಚ್ಚಿಡುವುದೇನು, ಕೊನೆಗೆ ಉಳಿದವರೇ ಮೂವರು. ಮಿಕ್ಕವರೆಲ್ಲ ಹಣ್ಣು ಬೀಳಿಸಿ ಔಟಾಗಿದ್ದರು. ನಾನಂತೂ ಓಡಲೇ ಇಲ್ಲ. ಸ್ಟೀಲ್ ಚಮಚ ಕಚ್ಚಿಕೊಂಡು, ಹಣ್ಣಿನ ಮೇಲೇ ಕಣ್ಣಿಟ್ಟು, ಮದುವಣಗಿತ್ತಿಯ ಹಾಗೆ ನಡೆದು ಗೆರೆ ಮುಟ್ಟುವಷ್ಟರಲ್ಲಿ ಟೀಚರು ಮುಂದಿನ ಆಟಕ್ಕೆ ಕುರ್ಚಿ ಜೋಡಿಸುತ್ತಿದ್ದರು. ಕಾಂಪೌಂಡಿನಾಚೆ ಆಟೋ ನಿಲ್ಲಿಸಿಕೊಂಡಿದ್ದ ಅಪ್ಪ ಮಾತ್ರ ಹಾರ್ನ್ ಒತ್ತುತ್ತಲೇ ಇದ್ದರು.

"ನೋಡಿದ್ರಾ ಸಾರ್? ಹಣ್ಣು ಬೀಳಿಸ್ಲೇ ಇಲ್ಲ ನನ್ ಮಗಳು!"

"ನೋಡ್ದೆ ಗುರುವೇ. ಈಗಾದ್ರೂ ಹೊರಡೋಣ್ವಾ?" ಎಂದರು ಹಿಂದಿನ ಸೀಟಿನಲ್ಲಿದ್ದ ಪಾಪದ ಪ್ಯಾಸೆಂಜರ್.

ಆ ಹಣ್ಣನ್ನು ಅಪ್ಪ ಟೀಚರ ಹತ್ತಿರ ಕೇಳಿ ಪಡೆದರು. ಅಮ್ಮ ಅದನ್ನೇ ಹಿಂಡಿ ಚಿತ್ರಾನ್ನ ಕಲಸಿದಳು. ಅಪ್ಪ ಡಬ್ಬಿ ಹಿಡಿದು ಆಟೋ ಸ್ಟ್ಯಾಂಡಿನಲ್ಲಿ ಪ್ರಸಾದದಂತೆ ಹಂಚಿದರು. ಅಷ್ಟಕ್ಕೂ ಸಮಾಧಾನವಾಗದೆ, ಗೆಳೆಯ ನಾಗಣ್ಣನ ಜೊತೆ ನನ್ನನ್ನು ಸ್ಟುಡಿಯೋಗೆ ಕರೆದೊಯ್ದರು.

"ಕೈ ಮುಗಿ ಪುಟ್ಟಿ. ಫ್ಲೆಕ್ಸ್‌ಗೆ ಹಂಗೇ ಇರ್ಬೇಕು."

"ಯಾಕಪ್ಪಾ?"

"ದೊಡ್ಡೋರೆಲ್ಲ ಹಂಗೇ ನಿಲ್ಲೋದು ಕಣೇ."

ನಾನು ಎಣ್ಣೆ ಸುರಿಯುವ ಎರಡು ಜಡೆಗಳ ನಡುವೆ ಗಂಭೀರವಾಗಿ ಕೈ ಮುಗಿದೆ. ಅಪ್ಪ ಪಕ್ಕದಲ್ಲಿ ನಿಂತು ನನ್ನನ್ನೇ ನೋಡುತ್ತಾ ಬಾಯಿತುಂಬ ನಕ್ಕರು. ಫೋಟೋದವನು ಹಾಗೆಯೇ ಕ್ಲಿಕ್ಕಿಸಿಬಿಟ್ಟ.

ನಾವಿಬ್ಬರೂ ಇದ್ದ ಆ ಫೋಟೋ, ಕೆಳಗೆ 'ಮೂರನೇ ಸ್ಥಾನ' ಎಂಬ ದಪ್ಪಕ್ಷರ: ಬಣ್ಣದ ವಾಸನೆ ಇನ್ನೂ ಹೋಗದ ಫ್ಲೆಕ್ಸ್ ಕಂಬವೇರಿತು. ಮರುದಿನ ಬೆಳಿಗ್ಗೆಯೇ ಹೇರೋಹಳ್ಳಿಯಿಂದ ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಎದೆ ಬಡಿದುಕೊಳ್ಳುತ್ತಾ ಒಳಗೆ ನುಗ್ಗಿದಳು. ಅವಳಿಗೆ ಓದು ಬಾರದು. ಬಸ್ಸಿನ ಕಿಟಕಿಯಿಂದ ಫೋಟೋ ಕಂಡಿದ್ದಷ್ಟೇ.

"ಅಯ್ಯೋ ನನ್ ಕಂದಾ! ನಂಗೊಂದ್ ಮಾತು ಹೇಳಿ ಕಳಿಸ್ಲಿಲ್ವಲ್ಲೇ!"

ಕಂದ ಮೂಲೆಯಲ್ಲಿ ಕೂತು ಟೀಯಲ್ಲಿ ಬನ್ನು ಅದ್ದಿಕೊಂಡು ತಿನ್ನುತ್ತಿತ್ತು. ದೊಡ್ಡಮ್ಮ ನನ್ನನ್ನು ನೋಡಿ ಅಲ್ಲೇ ಕುಸಿದು ಕೂತಳು. ಅಮ್ಮನ ಮುಖ ಬಿಳಿಚಿಕೊಂಡಿತು.

"ಮೊದ್ಲು ಇಳಿಸ್ರೀ ಅದನ್ನ. ಬದುಕಿರೋ ಮಗು ಕಣ್ರೀ!"

ಅಪ್ಪನ ಮುಖ ಅಷ್ಟು ಚಿಕ್ಕದಾಗಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ಆಯ್ತು" ಎಂದಷ್ಟೇ ಹೇಳಿ ಹೊರಟರು. ನನಗೆ ಅಳು ತಡೆಯಲಾಗಲಿಲ್ಲ. "ಇಳಿಸ್ಬೇಡಿ ಅಪ್ಪಾ!" ಎಂದು ಹಿಂದೆಯೇ ಓಡಿದೆ. ಅಮ್ಮ, ದೊಡ್ಡಮ್ಮ ನನ್ನ ಹಿಂದೆ ಓಡಿ ಬಂದರು.

ಅಪ್ಪ ಕಂಬದ ಕೆಳಗೆ ನಿಂತು ನನ್ನ ಅಳುಮುಖ ನೋಡಿದರು. ಆಮೇಲೆ ತಮ್ಮ ಆಟೋದ ಮುಂದೆ ದೃಷ್ಟಿಗೆಂದು ಕಟ್ಟಿದ್ದ ನಿಂಬೆಹಣ್ಣು-ಮೆಣಸಿನಕಾಯಿ ಬಿಚ್ಚಿ ಫ್ಲೆಕ್ಸಿನ ಕೆಳಗೆ ಕಟ್ಟಿದರು. ಅಲ್ಲೇ ಇದ್ದ ನಾಗಣ್ಣ ಓಡಿಹೋಗಿ ಬಲೂನು ತಂದ. ಹುಟ್ಟುಹಬ್ಬದ ಹಾಗೆ ನೇತಾಡುವ ಬಲೂನುಗಳನ್ನು ಕಂಡು ಅಮ್ಮನಿಗೂ ನಗು ಬಂತು. ಫ್ಲೆಕ್ಸ್ ಉಳಿಯಿತು. ಅಂದು ಸಂಜೆಯವರೆಗೂ ದೊಡ್ಡಮ್ಮ ಅದರ ಕೆಳಗೇ ನಿಂತು, "ನಮ್ ಹುಡ್ಗಿ, ಥರ್ಡು!" ಎಂದು ಹೋಗಿಬರುವವರಿಗೆಲ್ಲ ಹೇಳಿದಳು.

ಮುಂದೆ ನಾನು ಓದಿ ಲೆಕ್ಚರರ್ ಆದೆ, ಮೊದಲ ಸ್ಥಾನಗಳೂ ಬಂದವು. ಅಪ್ಪ ಮಾತ್ರ ನನ್ನನ್ನು ಯಾರಿಗೇ ಪರಿಚಯಿಸಿದರೂ ನಿಂಬೆಹಣ್ಣಿನಿಂದಲೇ ಶುರುಮಾಡುತ್ತಿದ್ದರು. ಈಗ ಎಷ್ಟನೇ ಸ್ಥಾನ ಎಂದು ಕೇಳುವವರು ಬೇಕಾದಷ್ಟಿದ್ದಾರೆ. ಹಣ್ಣು ಬೀಳಿಸಲಿಲ್ಲ ಎಂದು ಹಾರ್ನ್ ಒತ್ತುವವರಿಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡರು. ಸ್ಟ್ಯಾಂಡಿನವರು ಫ್ಲೆಕ್ಸ್ ಮಾಡಿಸಲು ಫೋಟೋ ಕೇಳಿದರು. ಇದ್ದಬದ್ದ ಫೋಟೋಗಳಲ್ಲೆಲ್ಲ ಅಪ್ಪ ಬಿಗಿದುಕೊಂಡೇ ನಿಂತಿದ್ದರು. "ಆ ಹಳೇದು ಇದ್ಯೇನಮ್ಮಾ?" ಎಂದ ನಾಗಣ್ಣ. ಅಟ್ಟದ ಮೇಲಿದ್ದ ಹಳೇ ಫ್ಲೆಕ್ಸಿನ ಸುರುಳಿ ಬಿಚ್ಚಿದೆವು. ನನ್ನ ಬಣ್ಣ ಮಾಸಿತ್ತು, ಅಪ್ಪನ ನಗು ಹಾಗೇ ಇತ್ತು.

ಅದರಿಂದ ಮಾಡಿಸಿದ ಹೊಸ ಫ್ಲೆಕ್ಸನ್ನು ಅದೇ ತಿರುವಿನಲ್ಲಿ ಕಟ್ಟಿದರು. ಪಕ್ಕದಲ್ಲಿದ್ದ ನನ್ನನ್ನು ಕತ್ತರಿಸಿ ತೆಗೆದಿದ್ದರಿಂದ ಅಪ್ಪ ಬರಿಯ ಗಾಳಿಯನ್ನು ನೋಡಿ ನಗುತ್ತಿದ್ದರು. ಅವರು ನೋಡುತ್ತಿದ್ದ ಕಡೆಗೆ ಹೋಗಿ ನಿಂತು, ಅವರು ಹೇಳಿಕೊಟ್ಟ ಹಾಗೆಯೇ ಕೈ ಮುಗಿದೆ.