ಕೀಲೆಣ್ಣೆ ಹಚ್ಚಿದ ಹಲಗೆಗಳು

ಜಂಗಮಕೋಟೆಯ ಹತ್ತಿರ ನನ್ನ ಅಕ್ಕನನ್ನು ಕೊಟ್ಟ ಮನೆ ಕೆರೆ ಏರಿಗೆ ಅಂಟಿಕೊಂಡಂತಿತ್ತು. ಅರವತ್ತರ ದಶಕದ ಕೊನೆಯ ಒಂದು ಬೇಸಿಗೆ. ಬಿ.ಎಸ್ಸಿ. ಪರೀಕ್ಷೆ ಮುಗಿಸಿ ನಾನು ಅಲ್ಲಿಗೆ ಹೋದಾಗ ಹೊರಕೋಣೆಯಲ್ಲಿ ನಾರ್ವೆ ದೇಶದವನೊಬ್ಬ ಬಾಡಿಗೆಗಿದ್ದ. ಕೊಳವೆಬಾವಿ ಕೊರೆಯುವ ಯಂತ್ರದ ಜೊತೆ ಬಂದವನು. ನಗರಗೆರೆಯ ಕಡೆ ಬಂಡೆಗೆ ತಗುಲಿ ಯಂತ್ರ ಕೆಟ್ಟು, ಬಿಡಿಭಾಗ ಬರುವ ತನಕ ಆತನಿಗೆ ಕೆಲಸವಿರಲಿಲ್ಲ. ನನಗೂ ಇರಲಿಲ್ಲ. ಇಂಗ್ಲಿಷ್ ಬರುತ್ತದೆಂದು ನನ್ನನ್ನು ಆತನ ಪಕ್ಕ ಕೂರಿಸಿದರು.

ಆತ ಒಂದು ಕಾಲಕ್ಕೆ ಹಿಮದ ಮೇಲಿನ ಓಟಗಾರ ಎಂದು ಗೊತ್ತಾದ ಮೇಲೆ ಜಗುಲಿಯಲ್ಲಿ ಬೇರೆ ಮಾತೇ ಇರಲಿಲ್ಲ. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು, ಎರಡು ಕೋಲು ಊರಿಕೊಂಡು, ಕಾಡುಗುಡ್ಡ ದಾಟಿ ಜಾರುತ್ತ ಓಡುವ ಪಂದ್ಯ. ಜಗುಲಿಯ ಮೇಲೆ ನಿಂತು ಮಾಡಿಯೂ ತೋರಿಸಿದ. ತೋಳು, ಭುಜ, ಮೊಣಕಾಲು ಒಂದೇ ಲಯದಲ್ಲಿ ತೂಗುತ್ತಿದ್ದವು. ಹಿಮವೆಂದರೆ ನಮಗೆ ನಂದಿಬೆಟ್ಟದ ಬೆಳಗಿನ ಮಂಜು. ಮಂಜಿನ ಮೇಲೆ ಹಲಗೆ ನಿಲ್ಲುವುದು ಹೇಗೆಂದು ಭಾವನಿಗೆ ಅನುಮಾನ. ಅಕ್ಕನ ಅತ್ತೆಯ ಅನುಮಾನ ಬೇರೆ.

“ಓಡಿದ್ದಕ್ಕೆ ಸಂಬಳ ಏನು ಕೊಡ್ತಿದ್ರಂತೆ, ಕೇಳಪ್ಪ,” ಎಂದರು ರೇಷ್ಮೆಹುಳುವಿಗೆ ಸೊಪ್ಪು ಹೆಚ್ಚುತ್ತ.

ಸಂಬಳವಿಲ್ಲ, ಗೆದ್ದರೆ ಬೆಳ್ಳಿ ಚಮಚ ಎಂದ.

“ಚಮಚಕ್ಕಾ? ಉಣ್ಣಕ್ಕೆ ಕೈ ಇರಲಿಲ್ವಾ?”

ಒಳಗಿನಿಂದ ಅಕ್ಕ, “ನಿಮ್ಮ ಮಗ ಬಸ್ಸಿಗೂ ಓಡಲ್ಲ ಅತ್ತೆ. ಇವರು ಚಮಚಕ್ಕಾದ್ರೂ ಓಡಿದಾರೆ,” ಎಂದಳು. ಭಾವ ಕೇಳಿಸದವರಂತೆ ಬೀಡಿ ಹಚ್ಚಿದರು.

ಎಲ್ಲರೂ ಎದ್ದು ಹೋದ ಮೇಲೂ ನಾನು ಕೇಳುತ್ತಲೇ ಇದ್ದೆ. ಚಿಕ್ಕಂದಿನಲ್ಲಿ ಬೆನ್ನಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೋಗಿ ಬರುತ್ತ ಕಲಿತದ್ದಂತೆ. ಮೊದಲು ಊರಿನ ಪಂದ್ಯ, ಆಮೇಲೆ ಸುತ್ತಲಿನ ಊರುಗಳದ್ದು, ಕೊನೆಗೆ ದೇಶದ ತಂಡಕ್ಕೆ ಆರಿಸುವ ಓಟ. ಆ ಬೆಳಗ್ಗೆ ಬೇಕಿಲ್ಲದ ಬಿಸಿಲು ಬಂತು. ಹಲಗೆಯ ತಳಕ್ಕೆ ಹಚ್ಚುವ ಮೇಣ ಒಣ ಹಿಮಕ್ಕೆ ಒಂದು, ಒದ್ದೆ ಹಿಮಕ್ಕೆ ಇನ್ನೊಂದು. ಹೊತ್ತಿಲ್ಲವೆಂದು ಬದಲಿಸದೆ ಹೊರಟ. ಹಿಮ ಮುದ್ದೆಮುದ್ದೆಯಾಗಿ ತಳಕ್ಕೆ ಹತ್ತಿಕೊಂಡಿತು. ಹಿಂದಿದ್ದವರೆಲ್ಲ ದಾಟಿ ಹೋದರು.

“ಅಷ್ಟಕ್ಕೇ ಬಿಟ್ಟುಬಿಟ್ಟಿರಾ?” ಎಂದೆ. ಆತ ಎದ್ದು ತನ್ನ ಕೋಣೆಗೆ ಹೋದ.

ಆ ವರ್ಷ ಕೆರೆ ಬತ್ತಿತ್ತು. ಅಂಚಿನ ಹೂಳನ್ನು ಗಾಡಿಗೆ ತುಂಬಿ ಹಿಪ್ಪುನೇರಳೆ ತೋಟಗಳಿಗೆ ಹೊಡೆಯುತ್ತಿದ್ದರು. ತೂಬಿನ ಮುಂದೆ ಮಾತ್ರ ಒಂದಿಷ್ಟು ನೀರು, ಅದರ ಸುತ್ತ ಬಿರುಕು ಬಿಟ್ಟ ಒಣ ಕೆನೆ, ಕೆನೆಯ ಕೆಳಗೆ ಆಳದ ಕೆಸರು. ಒಂದು ಸಂಜೆ ಎಮ್ಮೆ ಆ ನೀರಿನಲ್ಲಿ ಬಿದ್ದುಕೊಂಡು ಏಳದೆ ಹೋಯಿತು. ಅಕ್ಕ ಹೊಡೆದು ತರಲು ಹೋದಳು. ಎಮ್ಮೆ ನಡೆದ ದಾರಿ ಗಟ್ಟಿ ಎನ್ನುವುದು ನಮ್ಮ ಕಡೆಯ ನಂಬಿಕೆ. ಅದರ ಭಾರ ಹೊತ್ತ ನೆಲ ನಮ್ಮನ್ನು ಹೊರದೆ ಇದ್ದೀತೇ? ಆದರೆ ಎಮ್ಮೆ ಹೊಟ್ಟೆಯೂರಿ ತೆವಳುತ್ತ ಹೋಗಿತ್ತು. ಮೇಲಿನ ಕೆನೆಯನ್ನು ಒಡೆದು ಹಾಕಿದ್ದೂ ಅದೇ. ಅಕ್ಕ ಆ ಜಾಡಿನಲ್ಲೇ ಕಾಲಿಟ್ಟಳು.

ಕೂಗು ಕೇಳಿ ನಾವು ಏರಿ ಇಳಿಯುವಷ್ಟರಲ್ಲಿ ಸೊಂಟದವರೆಗೆ ಹೂತಿದ್ದಳು. ನಾನು ಓಡಿದೆ, ತೊಡೆಯವರೆಗೆ ಇಳಿದೆ. ಭಾವ ಅಂಗಿ ಹಿಡಿದು ಹಿಂದಕ್ಕೆ ಎಳೆದರು. ಬಾವಿ ಹಗ್ಗ ಎಸೆದೆವು. ಅವಳ ಕೈಗೆ ಎಟುಕಲಿಲ್ಲ.

ನಾರ್ವೆಯವನು ಹೂಳಿನ ಗಾಡಿಯ ಪಕ್ಕದ ಹಲಗೆಗಳೆರಡನ್ನು ಕಿತ್ತ. ಒಂದನ್ನು ಕೆಸರಿಗೆ ಒತ್ತಿ ಎತ್ತಿ ನೋಡಿದ. ತಳದ ತುಂಬ ಕೆಸರು ಮೆತ್ತಿಕೊಂಡು ಬಂತು. ಗಾಡಿಯ ಅಚ್ಚಿಗೆ ಹಾಕಲು ಕೀಲೆಣ್ಣೆ ತುಂಬಿಟ್ಟ ಬಿದಿರ ಕೊಳವೆ ಅಲ್ಲೇ ತೂಗುತ್ತಿತ್ತು. ಅದನ್ನು ಬಿಚ್ಚಿ, ಮೂಸಿ, ನೆಲದ ಮೇಲೆ ಕೂತು, ಹಲಗೆಯ ಕೆಸರು ಕೆರೆದು ಅಂಗೈಯಿಂದ ಎಣ್ಣೆ ಉಜ್ಜತೊಡಗಿದ. ಈ ತುದಿಯಿಂದ ಆ ತುದಿಗೆ. ಮತ್ತೆ ಮೊದಲಿನಿಂದ.

“ಅವಳು ಮುಳುಗ್ತಾ ಇದಾಳೆ, ಇವನು ಹಲಗೆಗೆ ಎಣ್ಣೆಸ್ನಾನ ಮಾಡಿಸ್ತಾ ಕೂತವ್ನೆ. ಎದ್ದು ಹೋಗು ಅಂತ ಹೇಳೋ ಅವನಿಗೆ,” ಎಂದರು ಭಾವ.

ನಾನು ಅದನ್ನು ಇಂಗ್ಲಿಷಿಗೆ ತರಲಿಲ್ಲ. ಮೇಣದ ಕಥೆ ಗೊತ್ತಿದ್ದವನು ನಾನೊಬ್ಬನೇ. ಆದರೆ ಸುಮ್ಮನಿದ್ದದ್ದು ಆತನ ಮೇಲಿನ ನಂಬಿಕೆಯಿಂದಲೋ, ನಾಲಗೆ ಒಣಗಿದ್ದರಿಂದಲೋ, ಇಂದಿಗೂ ತಿಳಿಯದು. ಕೆಸರು ಅಕ್ಕನ ಸೆರಗಿನ ಮೇಲೆ ಬಂದಿತ್ತು. ಅಂಗೈ ಮರಕ್ಕೆ ಉಜ್ಜುವ ಆ ಸದ್ದು ಈಗಲೂ ಒಮ್ಮೊಮ್ಮೆ ಊಟದ ನಡುವೆ ಕೇಳಿಸುತ್ತದೆ.

ಅಷ್ಟರಲ್ಲಿ ಅತ್ತೆ ಚಂದ್ರಂಕಿಗಳನ್ನು ಎಳೆದು ತಂದರು. ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಆಳೆತ್ತರದ ಬಿದಿರ ತಟ್ಟಿಗಳು. ಖಾಲಿಯವು ಅಟ್ಟದ ಮೇಲಿದ್ದವು. ಇವು ಅಂಗಳದಲ್ಲಿದ್ದವು, ಅರ್ಧ ಕಟ್ಟಿದ ಗೂಡುಗಳ ಸಮೇತ. ಭಾವ ಒಂದು ಗಳಿಗೆ ಹಿಂದೆಮುಂದೆ ನೋಡಿದರು.

“ಏನೋ ನೋಡ್ತೀಯಾ? ಗೂಡು ಇನ್ನೊಂದು ಸಲ ಬೆಳೀಬಹುದು,” ಎಂದರು ಅತ್ತೆ.

ಆತ ಹಲಗೆಗಳನ್ನು ಹಗ್ಗದಿಂದ ಪಾದಕ್ಕೆ ಬಿಗಿದು, ಎರಡು ಬಿದಿರು ಹಿಡಿದು, ಚಂದ್ರಂಕಿಗಳನ್ನು ಹಿಂದೆ ಕಟ್ಟಿಕೊಂಡು ಹೊರಟ. ಪಾದ ಎತ್ತಲೇ ಇಲ್ಲ, ಬರೀ ಜಾರಿದ. ಅಕ್ಕನ ಬೆನ್ನ ಹಿಂದೆ ತಟ್ಟಿ ಹಾಸಿ, ಅದರ ಮೇಲೆ ಬೋರಲು ಮಲಗಿ, ಅವಳ ಕಂಕುಳಿಗೆ ಹಗ್ಗ ಸುತ್ತಿದ. ಆತ ಹೇಳಿದ್ದನ್ನು ನಾನು ಕೂಗಿದೆ: “ಹಿಂದಕ್ಕೆ ಒರಗ್ಕೋ ಅಕ್ಕ. ಕಾಲು ಕಿತ್ಕೋಬೇಡ, ಮೆಲ್ಲಗೆ ಅಲ್ಲಾಡಿಸು.” ಒಮ್ಮೆ ತಟ್ಟಿ ವಾಲಿ ಕೆಸರು ಅವಳ ಗಲ್ಲ ಮುಟ್ಟಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಭಾವ ಮತ್ತು ಗಾಡಿಯವರು ಇಂಚಿಂಚಾಗಿ ಹಗ್ಗ ಎಳೆಯುತ್ತಿದ್ದರು; ಅಕ್ಕ ಗೂಡುಗಳ ಮೇಲೆ ಅಂಗಾತ ಜಾರಿ ಬರುತ್ತಿದ್ದಳು. ಆತ ಹಿಂದೆ ಬರುತ್ತಿದ್ದ. ಆಗ ಆತನ ಭುಜಗಳು ಜಗುಲಿಯ ಮೇಲೆ ತೋರಿಸಿದ ಅದೇ ಲಯಕ್ಕೆ ತೂಗುತ್ತಿದ್ದವು.

ಅಕ್ಕನ ಮೊದಲ ಮಾತು, “ಎಮ್ಮೆ ಎಲ್ಲಿ?” ಎಮ್ಮೆ ತಾನೇ ಎದ್ದು ಮನೆ ಸೇರಿತ್ತು.

ಅವಳಿಗೆ ಬಿಸಿನೀರು ಹುಯ್ದ ಮೇಲೆ ಅತ್ತೆ ಆತನ ಕೈಗೆ ಸೀಗೆಪುಡಿ ಕೊಟ್ಟರು. “ಇವತ್ತಿನ ಓಟಕ್ಕೂ ಚಮಚ ಕೊಡ್ತಾರಾ, ಕೇಳಪ್ಪ.”

ಕೇಳಿದೆ. ಆತ ನಕ್ಕು, ಕೈ ಉಜ್ಜುತ್ತ, “ನಾನು ಎಣ್ಣೆ ಹಚ್ಚುವಾಗ ನಿನ್ನ ಭಾವ ಏನೋ ಕೂಗುತ್ತಿದ್ದರಲ್ಲ, ಏನದು?” ಎಂದ.

“ಹೊತ್ತಿಲ್ಲ, ಬೇಗ ಹೊರಡು ಅಂದರು.”

ಕೀಲೆಣ್ಣೆ ಬಿಡಲೊಲ್ಲದು. ಆತ ಇನ್ನಷ್ಟು ಸೀಗೆಪುಡಿ ತೆಗೆದುಕೊಂಡ.

“ಆ ಓಟದ ಬೆಳಗ್ಗೆ ನನ್ನ ಅಪ್ಪ ಕೂಗಿದ್ದೂ ಅದನ್ನೇ,” ಎಂದ. “ಅವರ ಮಾತು ನನಗೆ ಅರ್ಥವಾಗುತ್ತಿತ್ತು.”