ಟವೆಲಿನ ಕೆಳಗೆ ಎರಡು ಬೆರಳು

ಕಳೆದ ವಾರ ಸಾಂಗ್ಲಿಯಿಂದ ಮಿರಜಿಗೆ ಬರುವ ಬಸ್ಸಿನಲ್ಲಿ ಪಕ್ಕದವರ ಹೆಗಲ ಮೇಲಿದ್ದ ಟವೆಲಿನಿಂದ ಅರಿಶಿಣದ ಘಾಟು ಬಂತು. ಅಡುಗೆಮನೆಯ ಅರಿಶಿಣದ್ದಲ್ಲ, ಗೋಣಿಚೀಲ, ಧೂಳು, ಬೆವರು ಕೂಡಿದ ಪೇಟೆಯ ವಾಸನೆ. ಕಣ್ಣು ಮುಚ್ಚಿದೆ. ಬಸ್ಸು ಎಲ್ಲೆಲ್ಲಿ ನಿಂತಿತೋ, ಯಾರು ಹತ್ತಿದರೋ...

ಕಾಕಾ ನಮ್ಮ ಎದುರು ಮನೆಯವರು. ಸಾಂಗ್ಲಿಯ ಅರಿಶಿಣ ಪೇಟೆಯಲ್ಲಿ ದಲಾಲರು. ಒಮ್ಮೆಯೂ ಚೆಂಡು ಒದ್ದವರಲ್ಲ, ಆದರೂ ಮಿರಜಿನ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಹಿರಿಯರು ಅವರೇ. ಸಂಜೆ ಪೇಟೆ ಮುಗಿಸಿ ನೇರವಾಗಿ ಮೈದಾನಕ್ಕೆ ಬರುತ್ತಿದ್ದರು. ಅವರ ಬಿಳಿ ಅಂಗಿಯ ತೋಳುಗಳು ಹಳದಿಯಾಗಿರುತ್ತಿದ್ದವು. ದೂರದಿಂದ ನೋಡಿದರೆ ಇಳಿಬಿಸಿಲೇ ನಡೆದು ಬಂದಂತೆ ಕಾಣುತ್ತಿತ್ತು.

ಪೇಟೆಯ ಹಳೆಯ ಪದ್ಧತಿಯಲ್ಲಿ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಟವೆಲಿನ ಮರೆಯಲ್ಲಿ ಒಬ್ಬರ ಎಷ್ಟು ಬೆರಳನ್ನು ಇನ್ನೊಬ್ಬರು ಹಿಡಿದರೋ ಅಷ್ಟು ದರ, ಅದೇ ಮಾತು. ಕಾಕಾ ಅದನ್ನು ಮೈದಾನಕ್ಕೂ ತಂದಿದ್ದರು. ನಾಕ್‌ಔಟ್ ಪಂದ್ಯ ಸಮವಾಗಿ ಮುಗಿದು ಪೆನಾಲ್ಟಿಗೆ ಬಂದರೆ, ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೈ ಮೇಲೂ ಟವೆಲು ಹೊದಿಸುತ್ತಿದ್ದರು. ಒಂದು ಬೆರಳು ಹಿಡಿದರೆ ಮೊದಲ ಒದೆತ ನಿನ್ನದು, ಎರಡು ಹಿಡಿದರೆ ಎರಡನೆಯದು. ಸರದಿ ಇಲ್ಲದವರ ಅಂಗೈಯನ್ನು ಸುಮ್ಮನೆ ಸವರಿ ಬಿಡುತ್ತಿದ್ದರು. ಯಾರಿಗೆ ಏನು ಸಿಕ್ಕಿತೆಂದು ಎದುರಾಳಿಗಳಿಗಿರಲಿ, ನಮಗೇ ತಿಳಿಯುತ್ತಿರಲಿಲ್ಲ.

ಆ ವರ್ಷ ಎಂಟರ ಘಟ್ಟ ಗೆದ್ದು ಸೆಮಿಫೈನಲ್ಲಿಗೆ ಬಂದಿದ್ದೆವು. ಎದುರಿಗೆ ಮಾಧವನಗರದ ತಂಡ. ಪಂದ್ಯ ಸಮವಾಯಿತು. ಟವೆಲಿನ ಕೆಳಗೆ ಕಾಕಾನ ಒರಟು ಕೈ ನನ್ನ ಎರಡು ಬೆರಳು ಹಿಡಿಯಿತು. ಬಿಡುವ ಮುನ್ನ ಇನ್ನೊಮ್ಮೆ ಒತ್ತಿತು...

ಮೊದಲನೆಯವನು ಹೊಡೆದ. ಗೋಲು. ಆಮೇಲೆ ನನ್ನ ಸರದಿ. ಮೈದಾನದ ಧೂಳು ಬಿಸಿಲಲ್ಲಿ ತೇಲುತ್ತಿತ್ತು. ಚೆಂಡು ಬಹಳ ದೂರದಲ್ಲಿ, ನೀರಿನ ಆಚೆ ದಡದಲ್ಲಿದ್ದಂತೆ ಕಂಡಿತು. ಸಾಲಿನಿಂದ ನನ್ನ ಕಾಲು ಏಳಲಿಲ್ಲ. ರೆಫರಿ ಎರಡು ಸಲ ಸೀಟಿ ಊದಿದರು. ಕೊನೆಗೆ ಮೂರು ಬೆರಳು ಸಿಕ್ಕಿದ್ದ ನಮ್ಮ ಕ್ಯಾಪ್ಟನ್ ಗಡಿಬಿಡಿಯಲ್ಲಿ ಓಡಿ ಹೋಗಿ ಹೊಡೆದ. ಚೆಂಡು ಕಂಬದ ಹೊರಗೆ ಹೋಯಿತು. ಆ ಒಂದರಲ್ಲೇ ನಾವು ಸೋತೆವು.

ಕ್ಯಾಪ್ಟನ್ ಅಳುತ್ತಲೇ ಬಂದು ಕೇಳಿದ: “ಕಾಕಾ, ಎರಡು ಯಾರಿಗೆ ಕೊಟ್ಟಿದ್ರಿ?”

ಕಾಕಾ ನನ್ನ ಕಡೆ ನೋಡಲೇ ಇಲ್ಲ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. “ಯಾರಿಗೂ ಕೊಟ್ಟಿಲ್ಲೋ. ಒಂದು ಹಿಡದವ ಸೀದಾ ಮೂರಕ್ಕ ಹೋದೆ. ನಂದ ತಪ್ಪು. ನೀ ಅಳಬ್ಯಾಡ.”

ಬೆರಳಿನ ಮೇಲೆ ಬದುಕಿದ ಮನುಷ್ಯ ಹಾಗೆ ಹೇಳಿದ್ದು ಮರುದಿನವೇ ಪೇಟೆ ತಲುಪಿತು. ಅಲ್ಲಿ ಬೆರಳು ತಪ್ಪಿದವನೆಂದರೆ ಮಾತು ತಪ್ಪಿದವನೇ. ಎಷ್ಟೋ ವರ್ಷ ಜನ ಅವರನ್ನು ಕಾಡಿದರು: “ಕಾಕಾ, ಒಂದರ ಮುಂದ ಎಷ್ಟ ಬರ್ತೈತ್ರಿ?” “ನಮ್ಮ ಮಿರಜದಾಗ ಮೂರ ಬರ್ತೈತಿ,” ಎಂದು ಅವರೂ ನಗುತ್ತಿದ್ದರು. ಕೆಲವು ಹಳೆಯ ರೈತರು ಮಾತ್ರ ಬೇರೆ ದಲಾಲರ ಕಡೆ ಹೋದರು ಎಂದು ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡಿಕೊಂಡಿದ್ದರು.

ನಿಜ ಹೇಳಬೇಕೆಂದು ಎಷ್ಟು ಸಲ ಅವರ ಅಂಗಡಿಯ ಮೆಟ್ಟಿಲು ಹತ್ತಿದೆನೋ... ಹೋದ ಕೂಡಲೇ ಚಹಾ ತರಿಸುತ್ತಿದ್ದರು. ಮುಂದಿನ ವರ್ಷದ ತಂಡದ ಮಾತು ತೆಗೆಯುತ್ತಿದ್ದರು. ನಾನು ಬಾಯಿ ತೆರೆದಾಗಲೆಲ್ಲ, “ಅದೆಲ್ಲ ಇರ್ಲಿ, ಚಹಾ ಆರ್ತೈತಿ,” ಅನ್ನುತ್ತಿದ್ದರು. ನಾನೂ ಕುಡಿದು ಬರುತ್ತಿದ್ದೆ.

ಹೋದ ತಿಂಗಳು ಕಾಕಾ ತೀರಿಕೊಂಡರು. ಮನೆಯ ಮುಂದೆ ಕುಳಿತಿದ್ದ ಪೇಟೆಯ ಹಿರಿಯರು ಅವರ ಒಳ್ಳೆಯತನವನ್ನೆಲ್ಲ ನೆನೆದರು. ಕೊನೆಗೆ ಒಬ್ಬರು, ಎಷ್ಟು ಶಾಣ್ಯಾ ಮನುಷ್ಯ, ಆದರೂ ಅದೊಂದು ಸಲ ಬೆರಳು ತಪ್ಪಿತು ನೋಡ್ರಿ, ಎಂದು ಪ್ರೀತಿಯಿಂದಲೇ ನಕ್ಕರು. ಆಗ ನಾನು ಹೇಳಿಬಿಟ್ಟೆ: “ಕಾಕಾ ತಪ್ಪಿದ್ದಿಲ್ರಿ. ಎರಡು ನನಗ ಕೊಟ್ಟಿದ್ರು. ನಾನ ಅಂಜಿ ನಿಂತೆ.”

ಆ ಹಿರಿಯರು ನನ್ನ ಬೆನ್ನು ಸವರಿದರು. “ಇರ್ಲಿ ಬಿಡೋ ತಮ್ಮಾ. ಹೋದವರ ತಪ್ಪು ನಿನ್ನ ಮ್ಯಾಲ ಎಳಕೋಬ್ಯಾಡ.”

ಉಳಿದವರೂ ತಲೆಯಾಡಿಸಿದರು. ನನ್ನ ಮಾತನ್ನು ಒಬ್ಬರೂ ನಂಬಲಿಲ್ಲ. ಹೌದು ಎನ್ನಬಹುದಾಗಿದ್ದವರು ಒಬ್ಬರೇ ಇದ್ದರು... ಅವರಿದ್ದಷ್ಟು ದಿನವೂ ನಾನು ಚಹಾ ಕುಡಿದು ಎದ್ದು ಬಂದೆ.