ಆ ಕುರ್ಚಿಯಲ್ಲಿ ಕೂತಿದ್ದ ಅತಿಥಿ

ಕಳೆದ ಭಾನುವಾರ ವುಡ್‌ಬ್ರಿಡ್ಜ್‌ನಲ್ಲಿ ಯಾರೋ ಮನೆಯ ಹಳೆಯ ಸಾಮಾನು ಮಾರಲಿಟ್ಟಿದ್ದ ಗರಾಜ್ ಸೇಲ್‌ನಲ್ಲಿ ಹಳೆಯ ಹಾಸ್ಯಪತ್ರಿಕೆಯೊಂದನ್ನು ಬಿಡಿಸಿದೆ. ಮುಗ್ಗಲು ಹಿಡಿದ ಅಗ್ಗದ ಕಾಗದದ ವಾಸನೆ ಮೂಗಿಗೆ ಬಡಿಯಿತು. ಅದರೊಂದಿಗೇ ಜೆರ್ಸಿ ಸಿಟಿಯಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದ ಧಾರವಾಡದ ಆಂಟಿ ನೆನಪಾದರು...

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಮದುವೆಯಾಗಿ ಮೈಸೂರಿನಿಂದ ಹೊಸದಾಗಿ ಬಂದವಳು. ಗಂಡ ಕೆಲಸಕ್ಕೆ ಹೋದರೆ ಮಾತಿಗೆ ಆಂಟಿ ಒಬ್ಬರೇ. ಅವರ ಯಜಮಾನರನ್ನು ನಾನು ಅಂಕಲ್ ಎನ್ನುತ್ತಿದ್ದೆ, ಆಸ್ಪತ್ರೆಯಲ್ಲಿ ಡಾಕ್ಟರು. ಹಳೆಯ ಹಾಸ್ಯಪತ್ರಿಕೆಗಳನ್ನು ಕಟ್ಟುಗಟ್ಟಲೆ ತರುವ ಹುಚ್ಚು ಅವರಿಗೆ. ಟೆಲಿವಿಷನ್ ಹೊಸದಾಗಿದ್ದ ಕಾಲದ ಟಾಕ್ ಶೋಗಳನ್ನು ಅಣಕಿಸುವ ಚಿತ್ರಕಥೆಗಳು ಅವುಗಳಲ್ಲಿರುತ್ತಿದ್ದವು. ಮುಖಕ್ಕಿಂತ ದೊಡ್ಡ ಹಲ್ಲಿನ ನಿರೂಪಕ, ಏನು ಹೇಳಿದರೂ ನಗುವ ಅವನ ಜೊತೆಗಾರ, ಸೋಫಾದಲ್ಲಿ ಬೆವರುವ ಅತಿಥಿ. ಮನೆಗೆ ಬೆಂಕಿ ಬಿದ್ದಿದೆ ಎಂದು ಅತಿಥಿ ಗೋಳಾಡಿದರೆ ನಿರೂಪಕ “ವಂಡರ್‌ಫುಲ್!” ಎಂದು ಸೋಪಿನ ಜಾಹೀರಾತಿಗೆ ಹೋಗುತ್ತಿದ್ದ. ಉತ್ತರ ಅವನ ಕಿವಿಗೇ ಬೀಳುವುದಿಲ್ಲ ಎಂಬುದೇ ತಮಾಷೆ.

ಅಂಕಲ್‌ಗೆ ರಜೆಯಿದ್ದ ಮಧ್ಯಾಹ್ನಗಳಲ್ಲಿ ಅವರಿಬ್ಬರೂ ಅದನ್ನೇ ಆಡಿ ತೋರಿಸುತ್ತಿದ್ದರು. ಆಂಟಿ ನಿರೂಪಕಿ, ಸೌಟೇ ಮೈಕು, ತಮ್ಮ ಕುರ್ಚಿಯಲ್ಲಿ ಕೂತ ಅಂಕಲ್ ಅತಿಥಿ. ಜೊತೆಗಾರನಂತೆ ನಗುವ ಕೆಲಸ ನನ್ನದು.

ಒಂದು ಚಳಿಗಾಲ ಅಂಕಲ್ ಡ್ಯೂಟಿಯಲ್ಲಿದ್ದಾಗಲೇ ಎದೆನೋವು ಬಂದು ಹೋಗಿಬಿಟ್ಟರು.

ನೆಂಟರೆಲ್ಲ ಹಿಂತಿರುಗಿದ ಮೇಲೆ ಒಂದು ದಿನ ಸಾರು ತೆಗೆದುಕೊಂಡು ಮೇಲೆ ಹೋದೆ. ಬಾಗಿಲು ತೆರೆದೇ ಇತ್ತು. ಒಳಗಿನಿಂದ ನಗು ಕೇಳಿಸಿತು. ಆಂಟಿ ಅಂಕಲ್ ಕುರ್ಚಿಯತ್ತ ಸೌಟು ಚಾಚಿ ಕೂತಿದ್ದರು. ಪ್ರಶ್ನೆ ಕೇಳುತ್ತಿದ್ದರು, ಸುಮ್ಮನಾಗುತ್ತಿದ್ದರು, ತಲೆದೂಗುತ್ತಿದ್ದರು... ಪತ್ರಿಕೆಯ ನಿರೂಪಕನ ಹಾಗಲ್ಲ, ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು.

“ಆಂಟಿ...” ಎಂದೆ.

“ತಡಿ ತಂಗಿ, ಮಾತಾಡ್ಲಿಕ್ಹತ್ಯಾರ,” ಎಂದರು. ಖಾಲಿ ಕುರ್ಚಿಯ ಕಡೆ ಇನ್ನಷ್ಟು ಹೊತ್ತು ಕಿವಿಗೊಟ್ಟು, ಆಮೇಲೆ ನನ್ನತ್ತ ತಿರುಗಿ ನಕ್ಕರು. “ನಿನಗ ಹೆಣ್ಣು ಕೂಸಂತ. ಮೆಟ್ಟಲಾ ಹತ್ತೂವಾಗ ಸಾವಕಾಶ ಅಂತಾರ.”

ಬಸಿರಿರಬಹುದೆಂಬ ಅನುಮಾನ ನನಗೇ ಆಗಷ್ಟೇ ಹುಟ್ಟಿತ್ತು. ಗಂಡನಿಗೂ ಹೇಳಿರಲಿಲ್ಲ. ಸಾರನ್ನು ಅಲ್ಲೇ ಇಟ್ಟು ಕೆಳಗೆ ಓಡಿದೆ. ಹಿಂದಿನಿಂದ ಆಂಟಿಯ ನಗು ಕೇಳಿಸಿತು. ಅದರ ಜೊತೆ ಇನ್ನೊಂದು ನಗುವೂ ಇತ್ತೇ? ಇಂದಿಗೂ ಹೇಳಲಾರೆ...

ಸ್ವಲ್ಪ ದಿನಕ್ಕೆ ಆಂಟಿಯ ಅಣ್ಣ ಬಂದು ಅವರನ್ನು ಊರಿಗೆ ಕರೆದುಕೊಂಡು ಹೊರಟರು. ಅಣ್ಣ ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ ಕೂತರು. ಆಂಟಿ ನನ್ನ ಹೊಟ್ಟೆಯ ಮೇಲೊಮ್ಮೆ ಕೈಯಿಟ್ಟು ಹಿಂದೆ ಹತ್ತಿದರು. ಹತ್ತಿದವರು ಒಂದು ಬದಿಗೆ ಸರಿದು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟರು.

ನನಗೆ ಹೆಣ್ಣು ಮಗುವೇ ಆಯಿತು. ಆಂಟಿ ಧಾರವಾಡದಲ್ಲಿ ತೀರಿಕೊಂಡು ಬಹಳ ವರ್ಷವಾಯಿತು. ಮೊನ್ನೆ ಮಗಳಿಗೆ ಇದನ್ನೆಲ್ಲ ಹೇಳಿದೆ.

“ಅಮ್ಮ, ಇಟ್ ವಾಸ್ ಜಸ್ಟ್ ಎ ಗೆಸ್,” ಎಂದಳು.

ಇರಬಹುದು. ಆದರೂ ಆಂಟಿ ಇದ್ದಿದ್ದರೆ ಒಂದು ಫೋನ್ ಮಾಡಿ ಇಷ್ಟೇ ಕೇಳುತ್ತಿದ್ದೆ: ಅವತ್ತು ಅಂಕಲ್ ಇನ್ನೇನು ಹೇಳಿದರು?